ಮಾಜಿ ಸೈನಿಕರ ಮೈ ಏಕೆ ಬೆಚ್ಚುತ್ತದೆ?



ಹಲಸು ಹಣ್ಣಾಗುವ ಕಾಲಕ್ಕೆ ಗೂಡಲೂರಿನ ಸುತ್ತಿನ ತೋಟಗಳಿಗೆ ಆನೆ ಇಳಿಯುವುದು ಹೊಸ ಸಂಗತಿಯಲ್ಲ. ಮಸಿನಗುಡಿಯ ಕಡೆಯೂ ಇದೇ ಪಾಡು. ನಡುರಾತ್ರಿ ಯಾರದೋ ಹೊಲದಲ್ಲಿ ಪಟಾಕಿ ಸಿಡಿಯುತ್ತದೆ. ಉಳಿದವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಆದರೆ ಸೈನ್ಯದಿಂದ ನಿವೃತ್ತರಾಗಿ ಬಂದವರ ಕೆಲವು ಮನೆಗಳಲ್ಲಿ ಹಾಗಾಗುವುದಿಲ್ಲ. ಮನೆಯ ಯಜಮಾನರು ಎದ್ದು ಗೋಡೆಗೆ ಒರಗಿ ಕುಳಿತಿರುತ್ತಾರೆ, ಮೈಯೆಲ್ಲಾ ಬೆವರು, ಎದೆಬಡಿತ ಇಳಿಯುವುದಕ್ಕೆ ಅರ್ಧ ಗಂಟೆ ಬೇಕು. ಬೆಳಗಾದರೆ ಮಕ್ಕಳ ಮೇಲೆ ಸಿಡುಕು. “ಸ್ವಾಮಿ, ಯುದ್ಧ ಕಂಡು ಬಂದವರು ಪಟಾಕಿಗೆ ಹೆದರುವುದುಂಟೇ?” ಎಂದು ತಾಯಂದಿರು ನಮ್ಮನ್ನು ಕೇಳುವುದುಂಟು.

ಇದನ್ನು ಹೇಡಿತನವೆಂದು ತಿಳಿಯಬಾರದು. ದೆವ್ವದ ಕಾಟವೆಂದು ಮಂತ್ರವಾದಿಯ ಬಳಿಗೆ ಓಡುವುದೂ ಬೇಡ. ವಿಶ್ವಾಸದ ಕೊರತೆಯೆಂದು ಯಾರಾದರೂ ಹೇಳಿದರೆ ಅದನ್ನು ನಂಬುವುದೂ ಬೇಡ. ಇದು ಶರೀರದಲ್ಲಿ ನಡೆಯುವ ಕೆಲಸ. ಹೇಗೆಂದು ತಿಳಿದರೆ ಅರ್ಧ ಜಗಳ ತಾನಾಗಿಯೇ ನಿಲ್ಲುತ್ತದೆ.

ಹಸು ಸಾಕುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೊಟ್ಟಿಗೆಯ ಬಳಿ ಚಿರತೆ ಸುಳಿದ ಮರುದಿನ ಬೆಳಿಗ್ಗೆ ಹಾಲು ಕರೆಯಲು ಕುಳಿತು ನೋಡಿ. ಕೆಚ್ಚಲು ತುಂಬಿದ್ದರೂ ಹಸು ಹಾಲು ಇಳಿಸುವುದಿಲ್ಲ. ಹೆದರಿದಾಗ ಅದರ ರಕ್ತದಲ್ಲಿ ಅಡ್ರಿನಲಿನ್ ಎಂಬ ರಸ ಏರಿ, ಹಾಲು ಇಳಿಸುವ ರಸದ ಕೆಲಸವನ್ನು ತಡೆಯುತ್ತದೆ. ಹಸು ಹಟ ಮಾಡುತ್ತಿಲ್ಲ. ಅದರ ಮೈ ಹಾಗೆ ಮಾಡಿಸುತ್ತಿದೆ. ಮನುಷ್ಯನಲ್ಲಿಯೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಗ್ರಂಥಿಗಳಿಂದ ಇದೇ ರಸ ಹೊರಡುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ರಕ್ತವೆಲ್ಲ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೊಡೆದಾಡು, ಇಲ್ಲವೇ ಓಡು ಎಂಬ ಸಿದ್ಧತೆ ಇದು. ಗುಂಡು ಹಾರುವಲ್ಲಿ ಇದೇ ಪ್ರಾಣ ಉಳಿಸಿದ್ದು.

ಅಪಾಯ ಕಳೆದ ಮೇಲೆ ಇದು ಇಳಿಯಬೇಕು. ಇಳಿಯದಿದ್ದರೆ ಮಾತ್ರ ಕಾಯಿಲೆ. ಮಿದುಳಿನ ಒಳಗೆ ಬಾದಾಮಿಯಷ್ಟು ಗಾತ್ರದ ಅಮಿಗ್ಡಲಾ ಎಂಬ ಭಾಗವಿದೆ. ಅದನ್ನು ಅಟ್ಟಣೆಯ ಮೇಲಿನ ಕಾವಲುಗಾರನೆಂದು ಭಾವಿಸಿರಿ. ಪೊದೆ ಅಲುಗಿದರೆ ಡಬ್ಬ ಬಡಿಯುವುದು ಅವನ ಕೆಲಸ. “ಅದು ಗಾಳಿಯಪ್ಪಾ, ಆನೆಯಲ್ಲ, ಸುಮ್ಮನಿರು” ಎಂದು ಹೇಳುವ ಹಿರಿಯ ಮಿದುಳಿನ ಮುಂಭಾಗದಲ್ಲಿದ್ದಾನೆ. ಈ ಕಾಯಿಲೆಯಲ್ಲಿ ಕಾವಲುಗಾರ ಹಗಲಿರುಳು ಡಬ್ಬ ಬಡಿಯುತ್ತಾನೆ, ಹಿರಿಯನ ಮಾತು ಅವನಿಗೆ ಕೇಳಿಸುವುದಿಲ್ಲ. ಪಟಾಕಿಯೇ ಆಗಬೇಕೆಂದಿಲ್ಲ. ಹೆಲಿಕಾಪ್ಟರಿನ ಸದ್ದು, ಸುಟ್ಟ ರಬ್ಬರಿನ ವಾಸನೆ, ನೆಲಬಾಂಬುಗಳ ನಡುವೆ ನಡೆದವರಿಗೆ ದಾರಿಯಲ್ಲಿ ಹೊಸದಾಗಿ ಅಗೆದ ಮಣ್ಣು, ಇಷ್ಟೇ ಸಾಕು.

ಒತ್ತಡದ ಇನ್ನೊಂದು ರಸವಾದ ಕಾರ್ಟಿಸೋಲ್ ಇಂಥವರಲ್ಲಿ ಬಹಳ ಹೆಚ್ಚಿರಬೇಕೆಂದು ನಾವೆಲ್ಲ ಊಹಿಸುತ್ತೇವೆ. ಆದರೆ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು ಪರೀಕ್ಷಿಸಿದಾಗ ಹಲವರಲ್ಲಿ ಅದು ಕಡಿಮೆಯೇ ಇತ್ತು. ಅಡ್ರಿನಲಿನ್ ವರ್ಗದ ರಸಗಳು ಮೇಲೆ, ಅವುಗಳಿಗೆ ಕಡಿವಾಣ ಹಾಕಬೇಕಾದದ್ದು ಕೆಳಗೆ. ಎಲ್ಲ ಪರೀಕ್ಷೆಗಳೂ ಒಂದೇ ಉತ್ತರ ಕೊಟ್ಟಿಲ್ಲವೆಂಬುದೂ ನಿಜ.

ಕಾಯಿಲೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಾರಣವಿಲ್ಲದೆ ಎದೆ ಬಡಿದುಕೊಳ್ಳುವುದನ್ನು ಡಾಕೋಸ್ಟಾ ಎಂಬ ವೈದ್ಯರು 1871ರಲ್ಲಿಯೇ ಬರೆದಿಟ್ಟರು. ಇಂದಿನ ಹೆಸರಾದ ಪಿ.ಟಿ.ಎಸ್.ಡಿ. ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ.

ನಮ್ಮ ಜಿಲ್ಲೆಗೆ ಇದು ದೂರದ ಸಂಗತಿಯಲ್ಲ. ಮದ್ರಾಸ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದೇ ವೆಲಿಂಗ್ಟನ್ನಿನಲ್ಲಿ. ಆ ರೆಜಿಮೆಂಟಿನ ಪಡೆಗಳೂ 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆಯಲ್ಲಿ ಇದ್ದವು. ಅಲ್ಲಿ ಸುಮಾರು 1,200 ಭಾರತೀಯ ಸೈನಿಕರು ಮಡಿದರು. 1990ರ ಮಾರ್ಚಿನಲ್ಲಿ ಪಡೆ ಮದ್ರಾಸಿನ ಬಂದರಿಗೆ ಮರಳಿದಾಗ ಅಂದಿನ ಮುಖ್ಯಮಂತ್ರಿ ಎಂ. ಕರುಣಾನಿಧಿಯವರು ಸ್ವಾಗತಿಸಲು ಹೋಗಲಿಲ್ಲ. ಆ ರಾಜಕೀಯದ ಸರಿತಪ್ಪು ಇಲ್ಲಿಯ ಮಾತಲ್ಲ. ಆದರೆ ಘೋರವನ್ನು ಕಂಡು ಬಂದವರಿಗೆ ಊರಿನ ಆಸರೆ ಸಿಗದಿದ್ದರೆ ಕಾಯಿಲೆ ಬೇರೂರುವ ಸಂಭವ ಹೆಚ್ಚೆಂದು ಬಲ್ಲವರು ಹೇಳುತ್ತಾರೆ. ಅಂದು ಇಪ್ಪತ್ತೆರಡರ ಹರೆಯದವರಾಗಿದ್ದವರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. 1999ರ ಕಾರ್ಗಿಲ್ ಕಂಡವರಿಗೂ ನರೆ ಬಂದಿದೆ. ಸೇವೆಯಲ್ಲಿದ್ದಾಗ, ಆಮೇಲೆ ಹೊಲದ ದುಡಿಮೆಯಲ್ಲಿ ಅದುಮಿಟ್ಟದ್ದು ಕೈ ಖಾಲಿಯಾದಾಗ ಮೇಲೇಳುವುದುಂಟು.

ಸೈನ್ಯದಲ್ಲಿದ್ದವರಿಗೆಲ್ಲ ಇದು ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಆದರೆ ಕೆಟ್ಟ ಕನಸು, ಬೆಚ್ಚಿಬೀಳುವುದು, ಜನರಿಂದ ದೂರ ಸರಿಯುವುದು, ಮುಂಗೋಪ ಇವು ತಿಂಗಳಿಗೂ ಮೀರಿ ಮುಂದುವರಿದರೆ ವೈದ್ಯರಿಗೆ ತೋರಿಸಬೇಕು. ವರ್ಷಗಟ್ಟಲೆ ಬಿಟ್ಟವರಲ್ಲಿ ರಕ್ತದೊತ್ತಡ, ಹೃದ್ರೋಗ, ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡುಬರುತ್ತವೆ.

ಕ್ಯಾಂಟೀನಿನ ರಮ್ಮಿನ ವಿಷಯವನ್ನು ಹೇಳದಿದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. “ನಿದ್ದೆಗೆಂದು ಎರಡು ಪೆಗ್ಗು” ಎನ್ನುವವರು ಬಹಳ. ಕುಡಿತ ಬೇಗ ಕಣ್ಣು ಮುಚ್ಚಿಸುವುದು ನಿಜ. ಅಮಲು ಇಳಿಯುವ ಹೊತ್ತಿಗೆ, ಅಂದರೆ ಬೆಳಗಿನ ಜಾವಕ್ಕೆ, ನಿದ್ದೆ ಒಡೆಯುತ್ತದೆ, ಎದೆಬಡಿತ ಏರುತ್ತದೆ, ಕನಸುಗಳು ಮುತ್ತಿಕೊಳ್ಳುತ್ತವೆ. ಮರುರಾತ್ರಿ ಮೂರು ಪೆಗ್ಗು ಬೇಕಾಗುತ್ತದೆ. ಬಹುಕಾಲ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಸಲಹೆಯಿಂದಲೇ ಬಿಡಬೇಕು. ಅಂಗಡಿಯಿಂದ ತಾವೇ ತಂದು ನುಂಗುವ ನಿದ್ದೆ ಮಾತ್ರೆಯೂ ಇದಕ್ಕೆ ಔಷಧವಲ್ಲ.

ಮೂವತ್ತು ವರ್ಷ ಕಳೆದರೂ ಚಿಕಿತ್ಸೆಗೆ ತಡವಾಗಿಲ್ಲ. ತರಬೇತಿ ಪಡೆದವರೊಂದಿಗೆ ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಕುಳಿತು, ಆ ನೆನಪನ್ನು ಮೆಲ್ಲಗೆ ಎದುರಿಸುವ ಮಾತಿನ ಚಿಕಿತ್ಸೆ ಮುಖ್ಯವಾದದ್ದು. ಸರ್ಟ್ರಲಿನ್‌ನಂಥ ಮಾತ್ರೆಗಳೂ ಇವೆ. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬಾರದು. ಮನೆಯಲ್ಲಿ ಮಾಡಬಹುದಾದದ್ದು ನಿಧಾನ ಉಸಿರಾಟ. 2001ರಲ್ಲಿ ಇಟಲಿಯ ವೈದ್ಯರು, ಲ್ಯಾಟಿನ್ ಜಪಸರವನ್ನಾಗಲಿ ಯೋಗದ ಮಂತ್ರವನ್ನಾಗಲಿ ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು ಹೃದಯದ ಹತೋಟಿ ಸುಧಾರಿಸುವುದನ್ನು ಅಳೆದು ತೋರಿಸಿದರು. ಅವರು ಪರೀಕ್ಷಿಸಿದ್ದು ಆರೋಗ್ಯವಂತರನ್ನು. ಆದುದರಿಂದ ಜಪಸರ ಹಿಡಿದವರು ವೈದ್ಯರನ್ನು ಬಿಡಬೇಕೆಂದು ಇದರ ಅರ್ಥವಲ್ಲ.

ಮನೆಯವರು ಮಲಗಿರುವವರನ್ನು ಮೈ ಮುಟ್ಟಿ ಎಬ್ಬಿಸದೆ, ಬಾಗಿಲಲ್ಲಿ ನಿಂತು ಹೆಸರು ಕರೆದು ಎಬ್ಬಿಸಿರಿ. “ಅಲ್ಲಿ ಏನಾಯಿತು ಹೇಳಿ” ಎಂದು ಪೀಡಿಸಬೇಡಿರಿ. ತಾವಾಗಿ ಹೇಳಿದರೆ ಕೇಳಿರಿ. ಆನೆ ಓಡಿಸುವ ಯುವಕರು ಪಟಾಕಿ ಹಚ್ಚುವ ಮುನ್ನ ಅಂಥ ಮನೆಗೆ ಒಂದು ಫೋನ್ ಮಾಡಲಿ. ಸದ್ದು ಬರುವುದೆಂದು ಮೊದಲೇ ತಿಳಿದರೆ ಮೈ ಅಷ್ಟು ಬೆಚ್ಚುವುದಿಲ್ಲ. ಹಬ್ಬದ ದಿನ ನಮ್ಮ ದೇವಾಲಯದ ಮುಂದೆ ಸಿಡಿಯುವ ಪಟಾಕಿಗೂ ಈ ಮಾತು ಸಲ್ಲುತ್ತದೆ. “ಬದುಕಿ ಏನು ಪ್ರಯೋಜನ” ಎಂಬ ಮಾತು ಬಾಯಲ್ಲಿ ಬಂದ ದಿನವೇ ಬಂದೂಕನ್ನೂ ಹೊಲದ ಔಷಧದ ಡಬ್ಬಿಯನ್ನೂ ಬೇರೆಯವರ ಮನೆಗೆ ಸಾಗಿಸಿರಿ, ಅವರನ್ನು ಒಂಟಿಯಾಗಿ ಬಿಡಬೇಡಿರಿ.

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಪತ್ನಿಗೂ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಯೋಜನೆಯಲ್ಲಿ ಮನೋರೋಗದ ಚಿಕಿತ್ಸೆಯೂ ಸೇರಿದೆ. ಆಸ್ಪತ್ರೆಗೆ ಹೋಗಲು ನಾಚುವವರು 14416ಕ್ಕೆ ಫೋನ್ ಮಾಡಬಹುದು. ಇದು 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ, ತಮಿಳಿನಲ್ಲಿಯೂ ಕನ್ನಡದಲ್ಲಿಯೂ, ಹಣವಿಲ್ಲದೆ ಮಾತಾಡುತ್ತಾರೆ. ಅವರು ಒಪ್ಪದಿದ್ದರೆ ಮನೆಯವರೇ ಮೊದಲು ಮಾತಾಡಿ ಸಲಹೆ ಕೇಳಬಹುದು.