ಕಾಲೇಜನ್ನೂ ಸಂಘವನ್ನೂ ನಡೆಸಿದ ಚಾರ್ಲ್ಸ್ ವೆಸ್ಲಿ

ಸಂಘವೆಂದರೆ ವರ್ಷಕ್ಕೊಮ್ಮೆ ಕೂಡುವುದು, ಭಾಷಣ ಕೇಳುವುದು, ಫಲಾಹಾರ ಮಾಡಿ ಚದುರುವುದು ಎಂದು ತಿಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಸಂಘವೊಂದು ಮನಸ್ಸು ಮಾಡಿದರೆ, ಓದಲು ಹೊರಟ ಬಡ ಹುಡುಗನು ನಡುದಾರಿಯಲ್ಲಿ ಕುಸಿಯದಂತೆ ಕೈಹಿಡಿಯಬಲ್ಲದು. ಅವನಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬಲ್ಲದು. ಅಮೆರಿಕದ ಡಾ. ಚಾರ್ಲ್ಸ್ ಹ್ಯಾರಿಸ್ ವೆಸ್ಲಿಯವರ ಜೀವನವನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ.

ಮೊದಲು ಅವರ ಸಂಘದ ವಿಷಯ. ಅಮೆರಿಕದ ಕಾಲೇಜುಗಳಲ್ಲಿ ಫ್ರೆಟರ್ನಿಟಿ ಎಂಬ ವಿದ್ಯಾರ್ಥಿಗಳ ಬಂಧುಕೂಟಗಳಿವೆ. ಗ್ರೀಕ್ ಅಕ್ಷರಮಾಲೆಯ ಎರಡು ಮೂರು ಅಕ್ಷರಗಳೇ ಇವುಗಳ ಹೆಸರು. ಸೇರಿದವರು ತಮ್ಮನ್ನು ಅಣ್ಣತಮ್ಮಂದಿರೆಂದು ಕರೆದುಕೊಳ್ಳುತ್ತಾರೆ. ಅನೇಕ ಕೂಟಗಳಿಗೆ ಸ್ವಂತ ಮನೆ, ಊಟದ ಏರ್ಪಾಡು ಇರುತ್ತದೆ. ಕಾಲೇಜು ಮುಗಿದರೂ ಈ ನಂಟು ಮುಗಿಯುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಳಿಯರ ಇಂಥ ಕೂಟಗಳ ಬಾಗಿಲು ಕಪ್ಪು ವಿದ್ಯಾರ್ಥಿಗಳಿಗೆ ಮುಚ್ಚಿದ್ದಿತು.

ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಗ ಇದ್ದ ಕಪ್ಪು ಹುಡುಗರು ಬೆರಳೆಣಿಕೆಯಷ್ಟು. ಕೆಲವರು ಬಿಳಿಯ ವಿದ್ಯಾರ್ಥಿಗಳ ಕೂಟದ ಮನೆಗಳಲ್ಲಿ ಊಟ ಬಡಿಸಿ ಫೀಸು ಹೊಂದಿಸಿಕೊಳ್ಳುತ್ತಿದ್ದರು. 1904-05ರಲ್ಲಿ ಓದುತ್ತಿದ್ದವರಲ್ಲಿ ಆರು ಮಂದಿ ಮರುವರ್ಷ ತಿರುಗಿ ಬರಲೇ ಇಲ್ಲ. ಉಳಿದವರು ಎಚ್ಚತ್ತು, ಒಟ್ಟಿಗೆ ಕುಳಿತು ಓದುವ ಕೂಟವೊಂದನ್ನು ಮಾಡಿಕೊಂಡರು. 1906ರ ಡಿಸೆಂಬರ್ 4ರಂದು ಏಳು ಮಂದಿ ಗೆಳೆಯರು ಅದನ್ನು ಆಲ್ಫಾ ಫೈ ಆಲ್ಫಾ ಎಂಬ ಬಂಧುಕೂಟವಾಗಿ ಮಾರ್ಪಡಿಸಿದರು. ಮುಂದೆ ಇದರ ಶಾಖೆಗಳು ಊರೂರಿಗೆ ಹಬ್ಬಿದವು.

ಈ ಕೂಟವನ್ನು ಮುಂದೆ ನಡೆಸಿದ ವೆಸ್ಲಿಯವರು 1891ರ ಡಿಸೆಂಬರ್ 2ರಂದು ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ಜನಿಸಿದರು. 1911ರಲ್ಲಿ ಫಿಸ್ಕ್ ವಿಶ್ವವಿದ್ಯಾಲಯದ ಪದವಿ, 1913ರಲ್ಲಿ ಯೇಲಿನ ಎಂ.ಎ. ಪಡೆದರು. ಅದೇ ವರ್ಷ ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಉಪಾಧ್ಯಾಯರಾಗಿ ಸೇರಿ, ಸುಮಾರು 30 ವರ್ಷ ಅಲ್ಲಿ ದುಡಿದರು. ನೌಕರಿಯಲ್ಲಿದ್ದುಕೊಂಡೇ ಹಾರ್ವರ್ಡಿನಲ್ಲಿ ಇತಿಹಾಸ ವ್ಯಾಸಂಗ ಮಾಡಿ 1925ರಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲದಲ್ಲಿ ಹಾರ್ವರ್ಡಿನ ಈ ಪದವಿ ಪಡೆದ ಕಪ್ಪು ಜನರು ಇಬ್ಬರೋ ಮೂವರೋ.

ದುಡಿಯುವ ನಮಗೆ ಅವರ ಮೊದಲನೆಯ ಗ್ರಂಥವೇ ಹೆಚ್ಚು ಹತ್ತಿರದ್ದು. 1927ರಲ್ಲಿ ಹೊರಬಂದ ಆ ಪುಸ್ತಕವು 1850ರಿಂದ 1925ರವರೆಗಿನ ಕಪ್ಪು ಕಾರ್ಮಿಕರ ಇತಿಹಾಸ. ಕುಶಲ ಕೆಲಸ ಇವರ ಕೈಯಲ್ಲಿ ಆಗದು ಎಂಬುದು ಆಗ ಬಿಳಿಯರಲ್ಲಿ ಅನೇಕರ ನಂಬಿಕೆಯಾಗಿದ್ದಿತು. ವೆಸ್ಲಿಯವರು ಕೋಪದಿಂದ ವಾದಿಸಲಿಲ್ಲ, ದಾಖಲೆಗಳನ್ನು ತೆರೆದಿಟ್ಟರು. ಗುಲಾಮಗಿರಿಯ ದಿನಗಳಲ್ಲಿಯೇ ದಕ್ಷಿಣದ ಸಂಸ್ಥಾನಗಳಲ್ಲಿ ಕಮ್ಮಾರಿಕೆ, ಬಡಗಿತನ, ಗಾರೆ ಕೆಲಸಗಳನ್ನು ಕಪ್ಪು ಕುಶಲಿಗಳು ಮಾಡುತ್ತಿದ್ದರು. ಬಿಡುಗಡೆಯಾದ ಮೇಲೆ ಬಿಳಿಯರ ಕಾರ್ಮಿಕ ಸಂಘಗಳಲ್ಲಿ ಅನೇಕವು ಅವರನ್ನು ಸೇರಿಸಿಕೊಳ್ಳಲಿಲ್ಲ. ಕಸುಬು ಕೈಯಿಂದ ಜಾರಿದ್ದು ಹೀಗೆ. ಬಾಗಿಲು ಹಾಕಿ, ಆಮೇಲೆ 'ಅವನಿಗೆ ಒಳಗೆ ಬರಲು ಯೋಗ್ಯತೆಯಿಲ್ಲ' ಎನ್ನುವ ಈ ರೀತಿ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ ಎಂಬುದು ಓದುಗರಿಗೆ ತಿಳಿದೇ ಇದೆ.

1930ರ ದಶಕದಲ್ಲಿ ಬಹುಕಾಲ ಆಲ್ಫಾ ಫೈ ಆಲ್ಫಾದ ಅಖಿಲ ಅಧ್ಯಕ್ಷ ಪದವಿ ವೆಸ್ಲಿಯವರ ಪಾಲಿಗೆ ಬಂದಿತು. ಕಪ್ಪು ಮಕ್ಕಳು ಹೈಸ್ಕೂಲಿಗೂ ಕಾಲೇಜಿಗೂ ಹೋಗಬೇಕೆಂಬ ಪ್ರಚಾರವನ್ನು ಸಂಘವು ಆ ಮೊದಲೇ ಕೈಗೊಂಡಿದ್ದಿತು. ಈಗ ಅದರೊಡನೆ ಮತದ ಹಕ್ಕಿನ ಪ್ರಚಾರವೂ ಕೂಡಿತು. ದಕ್ಷಿಣದಲ್ಲಿ ಮತದ ತೆರಿಗೆ, ಅಕ್ಷರ ಪರೀಕ್ಷೆ ಮೊದಲಾದ ಉಪಾಯಗಳಿಂದ ಕಪ್ಪು ಜನರನ್ನು ಮತಪೆಟ್ಟಿಗೆಯಿಂದ ದೂರವಿಟ್ಟಿದ್ದರು. ಮತವಿಲ್ಲದ ಜನಕ್ಕೆ ಭರವಸೆಯೂ ಇಲ್ಲ ಎಂಬುದೇ ಸಂಘದ ಘೋಷಣೆಯಾಯಿತು.

ಆ ವರ್ಷಗಳಲ್ಲಿಯೇ ಡೊನಾಲ್ಡ್ ಮರ್ರೆ ಎಂಬ ಪದವೀಧರನಿಗೆ ಕಪ್ಪು ಬಣ್ಣದವನೆಂಬ ಒಂದೇ ಕಾರಣಕ್ಕೆ ಮೇರಿಲ್ಯಾಂಡ್ ಲಾ ಕಾಲೇಜು ಪ್ರವೇಶ ನಿರಾಕರಿಸಿತು. ಸಂಘವು ಅವನ ಬೆನ್ನಿಗೆ ನಿಂತಿತು. ಅವನ ಪರವಾಗಿ ವಾದಿಸಿದ ಚಾರ್ಲ್ಸ್ ಹ್ಯೂಸ್ಟನ್, ಥರ್ಗುಡ್ ಮಾರ್ಷಲ್ ಇಬ್ಬರೂ ಇದೇ ಬಂಧುಕೂಟದವರು. 1935ರಲ್ಲಿ ತೀರ್ಪು ಮರ್ರೆಯ ಕಡೆಗಾಯಿತು. 1936ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ಮಾರ್ಷಲ್ಲರೇ 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲನೆಯ ಕಪ್ಪು ನ್ಯಾಯಾಧೀಶರಾದರು.

1942ರಲ್ಲಿ ವೆಸ್ಲಿಯವರು ಓಹಾಯೊ ಸಂಸ್ಥಾನದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಅದನ್ನು ನಡೆಸುತ್ತಿದ್ದುದು ಅವರು ಪಾದ್ರಿಯಾಗಿದ್ದ ಚರ್ಚೇ. ಆದರೆ ಅದೇ ಆವರಣದಲ್ಲಿ 1887ರಿಂದ ಸರಕಾರದ ಹಣದಲ್ಲಿ ನಡೆಯುವ ಒಂದು ವಿಭಾಗವೂ ಇದ್ದಿತು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಜಗಳ ತಪ್ಪೀತೆ? 1947ರಲ್ಲಿ ಚರ್ಚಿನ ಆಡಳಿತ ಮಂಡಳಿ ವೆಸ್ಲಿಯವರನ್ನು ಅಧಿಕಾರದಿಂದ ತೆಗೆಯಿತು, ಸಂಸ್ಥೆ ಎರಡಾಯಿತು. ಅವರು ಕೈಕಟ್ಟಿ ಕೂಡದೆ ಸರಕಾರಿ ವಿಭಾಗದ ಹೊಣೆ ಹೊತ್ತರು. 1951ರಲ್ಲಿ ಅದಕ್ಕೆ ಸೆಂಟ್ರಲ್ ಸ್ಟೇಟ್ ಕಾಲೇಜು ಎಂದು ಹೆಸರಾಯಿತು. 1965ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅದು ವಿಶ್ವವಿದ್ಯಾಲಯದ ಮಟ್ಟಕ್ಕೆ ಬೆಳೆದಿದ್ದಿತು. 1987ರ ಆಗಸ್ಟ್ 16ರಂದು, ತಮ್ಮ 95ನೆಯ ವಯಸ್ಸಿನಲ್ಲಿ, ವೆಸ್ಲಿಯವರು ಕಾಲವಾದರು.

ಇಂಥ ಬಂಧುಕೂಟಗಳಲ್ಲಿ ದೋಷಗಳಿಲ್ಲವೆಂದಲ್ಲ. ಹೊಸಬರನ್ನು ಸೇರಿಸಿಕೊಳ್ಳುವಾಗ ಹಿಂಸಿಸುವ ಕೆಟ್ಟ ಚಾಳಿ ಹಲವು ಕೂಟಗಳಿಗೆ ಅಂಟಿಕೊಂಡಿದೆ. ಕಾಲೇಜಿನ ಹೊಸಿಲು ತುಳಿಯದವರಿಗೆ ಅಲ್ಲಿ ಸ್ಥಾನವಿಲ್ಲ. ಆದರೂ ಓದು ಬಿಟ್ಟುಹೋದ ಆರು ಮಂದಿಯ ನೆನಪಿನಿಂದ ಹುಟ್ಟಿದ ಕೂಟವು, ಇನ್ನೊಬ್ಬನು ಹಾಗೆ ಹಿಂದಿರುಗದಂತೆ ದುಡಿಯಿತೆಂಬುದು ದೊಡ್ಡ ಮಾತು.

ವೆಸ್ಲಿಯವರು 1929ರಲ್ಲಿಯೇ ತಮ್ಮ ಸಂಘದ ಇತಿಹಾಸವನ್ನು ಬರೆದು ಪ್ರಕಟಿಸಿದರು. ಆಗ ಅದಕ್ಕೆ ಇನ್ನೂ ಕಾಲು ಶತಮಾನ ಕೂಡ ತುಂಬಿರಲಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಇರುಳು ಓದಿದ ಹುಡುಗರೆಷ್ಟು, ಅವರಿಗೆ ಪಾಠ ಹೇಳಿದವರಾರು ಎಂಬುದನ್ನು ನಾವು ಎಷ್ಟು ಬರೆದಿಟ್ಟಿದ್ದೇವೆ? ಹಳೆಯ ಹಾಜರಿ ಪಟ್ಟಿಯೋ, ಸಭೆಯ ನಡಾವಳಿ ಪುಸ್ತಕವೋ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ರದ್ದಿಗೆ ಹಾಕದೆ ದಯವಿಟ್ಟು ವಾಚನಾಲಯಕ್ಕೆ ತಂದುಕೊಡಿರಿ. ಹಾಗೆಯೇ, ಓದುತ್ತಿದ್ದ ಹುಡುಗನೊಬ್ಬ ನಾಲ್ಕು ದಿನ ಕಾಣಿಸದಿದ್ದರೆ ಅವನ ಖೋಲಿಯ ತನಕ ಹೋಗಿ ವಿಚಾರಿಸಿರಿ.