ಕಂಪನಿಯವರ ಶ್ರಮದಾನ

ಕೆರೆ ಹೂಳು ತೆಗೆಯೋಕೆ ನಮ್ಮೂರಲ್ಲಿ ಮನೆಗೊಬ್ಬರಂತೆ ಹೋಗುತ್ತಾರಲ್ಲ, ಅದೇ ಶ್ರಮದಾನ. ಈಗ ಪಟ್ಟಣದ ಕಂಪನಿಗಳಲ್ಲೂ ಇದು ಬಂದಿದೆ. ಅಲ್ಲಿ ವಾಲಂಟಿಯರಿಂಗ್ ಅಂತಾರೆ. ಕೆಲವು ಕಂಪನಿಗಳು ಇದಕ್ಕೆ ಸಂಬಳದ ರಜೆಯನ್ನೇ ಕೊಡುತ್ತವೆ!

2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ಲಾಭ ಮಾಡುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಆದರೆ ನೌಕರರು ಪುಕ್ಕಟೆ ಮಾಡಿದ ಕೆಲಸಕ್ಕೆ ಬೆಲೆ ಕಟ್ಟಿ ಆ 2 ರೂಪಾಯಿಗೆ ಸೇರಿಸುವಂತಿಲ್ಲ. ಮತ್ತೆ ಯಾಕೆ ಕಳಿಸ್ತಾರೆ? ಬೇರೆ ಬೇರೆ ವಿಭಾಗದವರು ಒಟ್ಟಿಗೆ ಕೈ ಕೆಸರು ಮಾಡಿಕೊಂಡರೆ ಸ್ನೇಹ ಬೆಳೆಯುತ್ತದೆ, ಕಂಪನಿಗೂ ಒಳ್ಳೆ ಹೆಸರು. ಕೆಲಸ ಹುಡುಕುವವರು ಕೂಡ ತಾವು ಮಾಡಿದ ಸೇವೆಯನ್ನು ಅರ್ಜಿಯಲ್ಲಿ ಬರೆಯುತ್ತಾರೆ.

ಹೋದ ವರ್ಷ ನಮ್ಮ ಶಾಲೆಗೂ ಒಂದು ಕಂಪನಿಯವರು ಬಂದು ಗೋಡೆಗೆ ಬಣ್ಣ ಬಳಿದರು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಬಂದವರೆಲ್ಲಾ ಕಂಪ್ಯೂಟರ್ ಇಂಜಿನಿಯರುಗಳು! ಆಫೀಸ್ ರೂಮಿನಲ್ಲಿ ನಮ್ಮ ಎರಡು ಕಂಪ್ಯೂಟರ್ ಕೆಟ್ಟು, ಬಟ್ಟೆ ಹೊದ್ದು ಕೂತಿವೆ. ಅವರೂ ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ. ಬಣ್ಣ ನಾವೂ ಬಳೀತೀವಿ, ಕಂಪ್ಯೂಟರ್ ರಿಪೇರಿ ನಮಗೆ ಬರಲ್ಲ.

ಈ ವರ್ಷವೂ ಬರುತ್ತಾರಂತೆ. ಮೊದಲೇ ಕಾಗದ ಬರೆಯೋಣ ಅಂತ ಹೆಡ್ಮಾಸ್ಟರು ಒಪ್ಪಿದ್ದಾರೆ. ಶಾಲೆಗೆ ಏನು ಬೇಕು ಅಂತ ಶನಿವಾರದೊಳಗೆ ನಿಮ್ಮ ಕ್ಲಾಸ್ ಲೀಡರ್ ಹತ್ತಿರ ಬರೆಸಿ.