ಏಳು ಮಂದಿ, 64 ಮಗ್ಗ

ಅಹಮದಾಬಾದಿನ ಕ್ಯಾಲಿಕೊ ಮಿಲ್ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತರಿಸಿತು. ಹೊಸ ಯಂತ್ರ ಬಂದ ಮೇಲೆ ಉತ್ಪಾದನೆ ಏರಬೇಕು, ಬಟ್ಟೆಯ ಗುಣಮಟ್ಟ ಸುಧಾರಿಸಬೇಕು. ಎರಡೂ ಆಗಲಿಲ್ಲ. ಮಗ್ಗಗಳ ದಕ್ಷತೆ ಶೇ. 80ರ ಆಸುಪಾಸಿನಲ್ಲೇ ನಿಂತಿತು, ನೇಯ್ದ ಬಟ್ಟೆಯಲ್ಲಿ ಹಾನಿಯ ಪ್ರಮಾಣ ಶೇ. 32. ಮಿಲ್ಲಿನ ಮುಖ್ಯಸ್ಥ ಗೌತಮ್ ಸಾರಾಭಾಯಿ ಅವರು ಮಾನವ ಸಂಬಂಧಗಳನ್ನು ಅಧ್ಯಯನ ಮಾಡುವ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅವರ ಸಲಹೆ ಕೇಳಿದರು.

ರೈಸ್ ಮಗ್ಗಗಳ ನಡುವೆ ನಿಂತು ನೋಡಿದರು. ಆ ಶೆಡ್ಡಿನಲ್ಲಿ 224 ಮಗ್ಗಗಳಿದ್ದವು, ಕೆಲಸವನ್ನು 12 ಬಗೆಯಾಗಿ ಹಂಚಲಾಗಿತ್ತು. ಕಂಡಿಕೆ ತುಂಬುವವನು ಒಬ್ಬ, ಸಣ್ಣಪುಟ್ಟ ಎಳೆ ಕಡಿದರೆ ಗಂಟು ಹಾಕುವವನು ಇನ್ನೊಬ್ಬ, ಒಟ್ಟಿಗೆ ಹಲವು ಎಳೆ ಕಿತ್ತುಹೋದರೆ ಸರಿಪಡಿಸುವವನು ಮತ್ತೊಬ್ಬ. ಎಣ್ಣೆ ಬಿಡುವವನು, ಕಸ ಗುಡಿಸುವವನು, ಬಟ್ಟೆ ಹೊರುವವನು ಬೇರೆ ಬೇರೆ. ಒಬ್ಬೊಬ್ಬನ ಪಾಲಿಗೆ ಬಂದ ಮಗ್ಗಗಳ ಸಂಖ್ಯೆಯೂ ಬೇರೆ. ಹೀಗಾಗಿ ನೇಕಾರನಿಗೆ ಇಂದು ಈ ಮಗ್ಗದಲ್ಲಿ ಒಬ್ಬ ಜೊತೆಗಾರನಾದರೆ ಪಕ್ಕದ ಸಾಲಿನಲ್ಲಿ ಇನ್ನೊಬ್ಬ. ಮಗ್ಗ ನಿಂತರೆ ಯಾರನ್ನು ಕೂಗಬೇಕು, ತಪ್ಪು ಯಾರದು ಎಂಬುದೇ ಗೊಂದಲ. ಒಬ್ಬರನ್ನೊಬ್ಬರು ನೆಚ್ಚಿ ದುಡಿಯಲೇಬೇಕಾದ ಜನ ಯಾವ ತಂಡಕ್ಕೂ ಸೇರಿರಲಿಲ್ಲ.

ರೈಸ್ ಮುಂದಿಟ್ಟ ಸಲಹೆ ಸರಳವಾಗಿತ್ತು: 64 ಮಗ್ಗಗಳಿಗೆ ಏಳು ಮಂದಿಯ ಒಂದು ಗುಂಪು, ಆ ಮಗ್ಗಗಳ ಪೂರ್ತಿ ಹೊಣೆ ಆ ಗುಂಪಿನದೇ. ಕಾರ್ಮಿಕರು ಇದನ್ನು ಕೇಳಿದ ಕೂಡಲೇ ತಮ್ಮದಾಗಿಸಿಕೊಂಡರು. ಮೇಲಿನವರು ಪಟ್ಟಿ ಮಾಡುವುದನ್ನು ಕಾಯದೆ, ಯಾರ ಜೊತೆ ಯಾರು ಎಂಬುದನ್ನು ಪರಸ್ಪರ ಒಪ್ಪಿ ತಾವೇ ಗುಂಪು ಕಟ್ಟಿದರು. ಶುರುವಿನ ಏರಿಳಿತಗಳು ಕಳೆದ ಮೇಲೆ ದಕ್ಷತೆ ಶೇ. 95ಕ್ಕೆ ಏರಿತು, ಹಾನಿ ಶೇ. 20ಕ್ಕೆ ಇಳಿಯಿತು. ಯಂತ್ರ ಅದೇ, ಜನರೂ ಅವರೇ. ರೈಸ್ ಈ ಪ್ರಯೋಗದ ಬಗ್ಗೆ ಬರೆದ ಪುಸ್ತಕ 1958ರಲ್ಲಿ ಹೊರಬಂತು.

ಹಾಗಾದರೆ ಸಂಬಳ ಮುಖ್ಯವಲ್ಲವೇ? ಆ ಮಾತನ್ನು ಅಹಮದಾಬಾದಿನಲ್ಲಿ ಯಾರೂ ಒಪ್ಪಲಾರರು. 1918ರಲ್ಲಿ, ಪ್ಲೇಗಿನ ಕಾಲದಲ್ಲಿ ಕಾರ್ಮಿಕರು ಊರು ಬಿಡದಿರಲೆಂದು ಕೊಡುತ್ತಿದ್ದ ಬೋನಸ್ ನಿಂತು, ಬೆಲೆ ಗಗನಕ್ಕೇರಿದಾಗ ಇದೇ ಊರಿನ ಮಿಲ್ ಕಾರ್ಮಿಕರು ಶೇ. 35ರಷ್ಟು ಕೂಲಿ ಹೆಚ್ಚಳಕ್ಕೆ ಪಟ್ಟು ಹಿಡಿದರು. ಮಾಲೀಕರು ಶೇ. 20ರ ಮೇಲೆ ಕೊಡಲೊಲ್ಲರು. ಕಾರ್ಮಿಕರ ಹೋರಾಟವನ್ನು ಮುನ್ನಡೆಸುತ್ತಿದ್ದ ಗಾಂಧೀಜಿ ಉಪವಾಸ ಕೂತರು. ಮಾಲೀಕರ ಕಡೆಯ ಮುಂದಾಳು ಗೌತಮರ ತಂದೆ ಅಂಬಾಲಾಲ್ ಸಾರಾಭಾಯಿ; ಕಾರ್ಮಿಕರ ಪಕ್ಕ ನಿಂತವರು ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ. ಕೊನೆಗೆ ಮಧ್ಯಸ್ಥರಾದ ಆನಂದಶಂಕರ ಧ್ರುವ ಅವರ ತೀರ್ಪು ಶೇ. 35ಕ್ಕೇ ಬಂತು. ಹೊಟ್ಟೆಗೆ ಸಾಲದ ಕೂಲಿ ಕೊಟ್ಟು ಹುರುಪಿನ ಪಾಠ ಹೇಳುವುದು ಅನ್ಯಾಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಕೂಲಿ, ಹುರುಪು ಎರಡನ್ನೂ ಬೇರ್ಪಡಿಸಿ ತೋರಿಸಿದರು. ಸಂಬಳ, ಕೆಲಸದ ಜಾಗದ ಅನುಕೂಲ, ಮೇಲಧಿಕಾರಿಯ ವರ್ತನೆ ಸರಿಯಿಲ್ಲದಿದ್ದರೆ ಜನ ಬೇಸರಗೊಳ್ಳುತ್ತಾರೆ. ಸರಿಯಿದ್ದರೆ ಬೇಸರ ತಗ್ಗುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದಿಂದಲೇ: ಏನನ್ನೋ ಸಾಧಿಸಿದ ತೃಪ್ತಿ, ಮೆಚ್ಚುಗೆ, ಹೊಣೆ, ಬೆಳೆಯುವ ಅವಕಾಶ. ಹರ್ಜ್‌ಬರ್ಗ್ ಮಾತನಾಡಿಸಿದ್ದು ಎಂಜಿನಿಯರುಗಳನ್ನು, ಲೆಕ್ಕಪತ್ರದವರನ್ನು. ನೇಕಾರರ ವಿಷಯದಲ್ಲೂ ಅದು ನಿಜವೆನ್ನಲು ಕ್ಯಾಲಿಕೊದ ಶೆಡ್ಡಿನಲ್ಲಿ ಪುರಾವೆಯಿದೆ.

ಹುರುಪಿಗೆ ಹಣವನ್ನೇ ನೆಚ್ಚಿದ ಸೂರತ್ತಿನ ಕಥೆ ಬೇರೆ. ಅಲ್ಲಿನ ವಜ್ರದ ಕಾರ್ಖಾನೆಗಳಲ್ಲಿ ಹೆಚ್ಚಿನವರಿಗೆ ಕೂಲಿ ಸಿಗುವುದು ಹರಳಿನ ಲೆಕ್ಕದಲ್ಲಿ. 2016ರ ದೀಪಾವಳಿಗೆ ವಜ್ರೋದ್ಯಮಿ ಸಾವ್ಜಿ ಢೋಲಕಿಯಾ ತಮ್ಮ ಕಂಪನಿಯ ನೌಕರರಿಗೆ 1,260 ಕಾರು, 400 ಫ್ಲಾಟ್ ಘೋಷಿಸಿದಾಗ ದೇಶವೇ ತಿರುಗಿ ನೋಡಿತು. ಕೂತು ಹರಳು ಉಜ್ಜುವವನ ಕೈಚಳಕಕ್ಕೆ ಸಂದ ಮರ್ಯಾದೆ ಅದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಮಾರುಕಟ್ಟೆ ಕುಸಿದರೆ ಹರಳಿನ ಲೆಕ್ಕದ ಕೂಲಿಯೂ ಕುಸಿಯುತ್ತದೆ. 2008ರ ಹಿಂಜರಿತದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಮರಳಿದರು.

ಕ್ಯಾಲಿಕೊದಲ್ಲೂ ಗೆಲುವು ಎಲ್ಲೆಡೆ ಬಾಳಲಿಲ್ಲ. ಟ್ಯಾವಿಸ್ಟಾಕ್ ಸಂಸ್ಥೆಯವರೇ ಆದ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಹೆಚ್ಚು ಬದಲಾಗದೆ ಉಳಿದಿತ್ತು, ಅದನ್ನು ಅಳವಡಿಸಿದ್ದ ಉಳಿದ ಕಡೆ ಹಳೆಯ ರೂಢಿ ಮರುಕಳಿಸಿತ್ತು. ಹೊರಗಿನ ಒತ್ತಡ ತಂಡದ ಮೇಲೆ ಬೀಳದಂತೆ ತಡೆಯುವ ಮೇಲ್ವಿಚಾರಕರು ಇರುವ ತನಕ ಮಾತ್ರ ತಂಡ ಬಾಳುತ್ತದೆ.

ಕೈಕೆಳಗೆ ನಾಲ್ಕು ಜನರಿರುವ ಓದುಗರು, ಅಂಗಡಿಯವರಿರಲಿ ಆಫೀಸಿನವರಿರಲಿ, ಮುಂದಿನ ಬೋನಸ್ ಲೆಕ್ಕ ಹಾಕುವಾಗ ಇನ್ನೊಂದು ಹಾಳೆಯನ್ನೂ ತೆಗೆದುಕೊಳ್ಳಲಿ. ಯಾರ ಕೆಲಸ ಯಾರನ್ನು ನೆಚ್ಚಿದೆ, ಅವರು ಒಂದೇ ತಂಡದಲ್ಲಿದ್ದಾರೆಯೇ, ಆ ತಂಡವನ್ನು ಆರಿಸಿಕೊಳ್ಳುವಾಗ ಅವರನ್ನು ಯಾರಾದರೂ ಕೇಳಿದ್ದರೇ ಎಂದು ಅದರಲ್ಲಿ ಬರೆದು ನೋಡಲಿ.